ತೋಳಪ್ಪನೂ ದೊಡ್ಡವ್ವನ ಬಲಗೈಯೂ

ಮಿಕ್ಸಿಯ ಹಳೇ ಜಾರು ಹುಡುಕಿಕೊಡಿ ಎಂದು ಹೆಂಡತಿ ನನ್ನನ್ನು ಅಟ್ಟ ಹತ್ತಿಸಿದಳು. ಜಾರು ಸಿಗಲಿಲ್ಲ. ರಟ್ಟಿನ ಡಬ್ಬದೊಳಗೆ ಸಿಕ್ಕಿದ್ದು ವಿಡಿಯೋ ಗೇಮಿನ ಕಂಟ್ರೋಲರು. ಅಂಗೈಯಲ್ಲಿ ಹಿಡಿದು ನೋಡಿದೆ. ಎಡಗಡೆ ಸವೆದಿದೆ, ಅದು ನನ್ನ ಹೆಬ್ಬೆರಳು. ಬಲಗಡೆ ಗುಂಡಿಗಳ ಸಂದಿಯಲ್ಲಿ ರಾಗಿಹಿಟ್ಟು ಕೂತು ಗಟ್ಟಿಯಾಗಿದೆ, ಅದು ನಮ್ಮ ದೊಡ್ಡವ್ವನದು. ಜಾರನ್ನು ಮರೆತು ಅಲ್ಲೇ ಏಣಿಯ ಮೇಲೆ ನಿಂತುಬಿಟ್ಟೆ.

ನಾನು ಮಂಡ್ಯದ ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡುವವನು. ದಿನವಿಡೀ ರೈತರು ತಂದ ಮಣ್ಣನ್ನು ಜರಡಿ ಹಿಡಿದು, ಗಾಜಿನ ನಳಿಗೆಗೆ ಸುರಿದು, ಬಣ್ಣ ನೋಡಿ ಬರೆದುಕೊಳ್ಳುವ ಕೆಲಸ. ಇಂಥ ಗಂಭೀರ ಮನುಷ್ಯ ಮೂವತ್ತೆಂಟನೇ ವಯಸ್ಸಿನಲ್ಲಿ ಗೇಮ್ ಆಡುವ ಯಂತ್ರ ಕೊಂಡು ತಂದ ಎಂದರೆ ನೀವು ನಗುತ್ತೀರಿ, ನಗಿ. ಹೆಂಡತಿಗೆ ನಾನು ಹೇಳಿದ್ದು, ಟಿವಿಗೆ ಇದನ್ನು ಸಿಕ್ಕಿಸಿದರೆ ಬೇಸಾಯದ ವಿಡಿಯೋ ಬಹಳ ಚೆನ್ನಾಗಿ ಕಾಣುತ್ತದೆ ಎಂದು. ಅವಳು ಒಂದು ವಾರ ನಂಬಿದಂತೆ ನಟಿಸಿದಳು. ಎಂಟನೇ ದಿನ, ನಾನು ಕತ್ತಿ ಹಿಡಿದು ಹಿಮದಲ್ಲಿ ಓಡುತ್ತಿದ್ದಾಗ, "ಯಾವ ಬೆಳೆ ಇದು?" ಎಂದಳು.

ಆ ಆಟದ ಖಳನನ್ನು ನಿಮಗೆ ಪರಿಚಯ ಮಾಡಿಸಬೇಕು. ಉತ್ತರದ ಹಿಮದ ಸೀಮೆಯವರ ನಾರ್ಸ್ ಪುರಾಣದಿಂದ ಎದ್ದು ಬಂದವನು. ಅರ್ಧ ಮನುಷ್ಯ, ಅರ್ಧ ತೋಳ. ಎರಡಾಳು ಎತ್ತರ, ಕತ್ತಿನಲ್ಲಿ ಕಡಿದ ಸರಪಳಿ. ಅವನ ಹೆಸರನ್ನು ನಾಲಿಗೆ ಹೊರಳಿಸಿ ಹೇಳುವ ಹೊತ್ತಿಗೆ ಅವನು ನಮ್ಮನ್ನು ಎರಡು ಸಲ ಕೊಂದಿರುತ್ತಾನೆ. ನಮ್ಮ ಮನೆಯಲ್ಲಿ ಅವನಿಗೆ ತೋಳಪ್ಪ ಎಂದು ನಾಮಕರಣವಾಯಿತು. ಮಾಡಿದವಳು ದೊಡ್ಡವ್ವ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಬಂಡೂರಿನವಳು, ಕುರಿ ಸಾಕಿದ ಕೈ. ನಾನು ಬೆಳೆದದ್ದೇ ಅವಳ ಸೆರಗು ಹಿಡಿದು. ಅವಳು ಮುದ್ದೆ ಕಟ್ಟಿದರೆ ತಟ್ಟೆಯಲ್ಲಿ ಮುಟ್ಟಿ ಮುರಿಯಲು ಮನಸ್ಸು ಬರುತ್ತಿರಲಿಲ್ಲ, ಅಷ್ಟು ನುಣುಪು. ಅಂಥವಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ವಾರಕ್ಕೆರಡು ಸಲ ಮಂಡ್ಯದ ಆಸ್ಪತ್ರೆಗೆ ತೋರಿಸಬೇಕಿದ್ದರಿಂದ ನಮ್ಮ ಮನೆಗೆ ಕರೆತಂದೆವು. ವ್ಯಾಯಾಮ ಮಾಡಿಸುವ ಹುಡುಗಿ ರಬ್ಬರಿನ ಚೆಂಡು ಕೊಟ್ಟು ದಿನಾ ಅಮುಕಿ ಎಂದಳು. ದೊಡ್ಡವ್ವ ಅದನ್ನು ಎಡಗೈಯಲ್ಲಿ ಕಿಟಕಿಯಾಚೆ ಎಸೆದಳು.

"ನಾನೇನ್ ಕೂಸಾ ಚೆಂಡಾಡಕ್ಕೆ? ಮುದ್ದೆ ಕಟ್ಟಾಕಾಯ್ತದಾ ಅಂತ ಯೋಳು, ಇಲ್ಲಾಂದ್ರೆ ಬುಡು" ಎಂದು ಆ ಹುಡುಗಿಯನ್ನೇ ಗದರಿದಳು. ಹುಡುಗಿ ನನ್ನನ್ನು ಬಾಗಿಲಾಚೆ ಕರೆದು, ಈ ಮೂರು ತಿಂಗಳು ಬೆರಳು ಆಡಿಸದಿದ್ದರೆ ಆಮೇಲೆ ಕೈ ಬರುವುದು ಕಷ್ಟ ಎಂದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಅದೇ ಸಂಜೆ ನಾನು ಆಡುತ್ತಿದ್ದಾಗ ದೊಡ್ಡವ್ವ ಪಕ್ಕದಲ್ಲಿ ಬಂದು ಕೂತಳು.

"ಏನ್ಲಾ ಅದು, ತೋಳನ್ ಮಕ ಇಟ್ಕೊಂಡದೆ?"

"ಆಟದ ರಾಕ್ಷಸ ದೊಡ್ಡವ್ವ."

"ಅದುಕ್ಕೆ ಇಂಗಾ ಒಡ್ಯೋದು? ಇತ್ತ ತಾ."

ಜೀವಮಾನವೆಲ್ಲ ತೋಳದಿಂದ ಕುರಿ ಕಾಯ್ದವಳು ನೋಡಿ. ನಾನು ಕಂಟ್ರೋಲರಿನ ಬಲಗಡೆಯನ್ನು ಅವಳ ತೊಡೆಯ ಮೇಲಿಟ್ಟು, ಅವಳ ಹೆಬ್ಬೆರಳನ್ನು ಗುಂಡಿಯ ಮೇಲೆ ಕೂರಿಸಿದೆ. ಎಡಗಡೆ ನನ್ನ ಕೈಯಲ್ಲೇ ಉಳಿಯಿತು. ವೀರನನ್ನು ನಡೆಸುವುದು ಎಡಗಡೆಯಿಂದ, ಕತ್ತಿ ಬೀಸುವುದು ಬಲಗಡೆಯಿಂದ. ಹೀಗೆ ಒಬ್ಬ ವೀರನಿಗೆ ಕಾಲು ನನ್ನದು, ಕೈ ಅವಳದು ಎಂದು ಪಾಲಾಯಿತು. ಮೊದಲ ವಾರ ಗುಂಡಿ ಒತ್ತಲಾಗಲೇ ಇಲ್ಲ. ನಮ್ಮ ವೀರ ಕೈಕಟ್ಟಿ ನಿಂತು ಏಟು ತಿಂದ. ಎರಡನೇ ವಾರ ದಿನಕ್ಕೊಂದು ಏಟು. ತಿಂಗಳಾಗುವ ಹೊತ್ತಿಗೆ ದೊಡ್ಡವ್ವ ಸಂಜೆ ಐದಕ್ಕೇ ಟಿವಿ ಮುಂದೆ ಕೂತು, "ಇವತ್ಯಾಕ್ಲಾ ಲೇಟು? ತೋಳಪ್ಪ ಕಾಯ್ತಾ ಅವ್ನೆ" ಎನ್ನತೊಡಗಿದಳು. ಅಡುಗೆಮನೆಯಲ್ಲಿ ಹೆಂಡತಿಗೆ ಹಿಟ್ಟು ಜರಡಿ ಹಿಡಿದುಕೊಟ್ಟು ಕೈ ಒರೆಸಿಕೊಳ್ಳದೆ ಬಂದು ಕೂರುತ್ತಿದ್ದಳು. ಗುಂಡಿಯ ಸಂದಿಗೆ ರಾಗಿಹಿಟ್ಟು ಬಂದದ್ದು ಹಾಗೆ.

ಕೊನೆಗೊಂದು ದಿನ ತೋಳಪ್ಪ ಮಂಡಿಯೂರಿದ. ಪರದೆಯ ಮೇಲೆ ಅವನ ಹಿಂದಿನ ಕಥೆ ಚಿತ್ರವಾಗಿ ಬಂತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ತೋಳದ ಮರಿಯನ್ನು ದೇವರುಗಳೇ ಸಾಕಿದರು. ಬೆಳೆದಾಗ ಅವರಿಗೇ ಭಯವಾಯಿತು. ಕಟ್ಟಿಹಾಕಲು ನೋಡಿದರು, ಸರಪಳಿ ಕಿತ್ತುಕೊಂಡಿತು. ಆಮೇಲೆ ನೂಲಿನಂಥ ಮಾಯದ ಪಟ್ಟಿ ತಂದು, ಆಟಕ್ಕೆ ಕಟ್ಟುತ್ತೇವೆ, ಬಿಚ್ಚುತ್ತೇವೆ ಎಂದರು. ತೋಳಕ್ಕೆ ಅನುಮಾನ. ಹಾಗಿದ್ದರೆ ನಂಬಿಕೆಗೆ ಒಬ್ಬರು ನನ್ನ ಬಾಯೊಳಗೆ ಕೈ ಇಡಿ ಎಂದಿತು. ಒಬ್ಬ ದೇವರು ಬಲಗೈ ಇಟ್ಟ. ಕಟ್ಟಿದರು, ಬಿಚ್ಚಲಿಲ್ಲ. ತೋಳ ಆ ಕೈಯನ್ನು ಕಚ್ಚಿ ತುಂಡರಿಸಿತು.

ದೊಡ್ಡವ್ವ ಕೇಳಿದಳು, "ಆವಪ್ಪಂಗೆ ಗೊತ್ತಿತ್ತಾ, ತಾನು ಕೊಡ್ತಿರೋದು ಸುಳ್ ಬಾಸೆ ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ಕೈ ಇಟ್ನಾ?" ಎಂದು ತನ್ನ ಬಲಗೈಯನ್ನೇ ನೋಡಿಕೊಂಡಳು. "ನಾನೂ ಇಟ್ಟಿದ್ದೆ ಕಣ್ಲಾ."

ಪರದೆಯ ಮೇಲೆ, ಕೊಲ್ಲಲು ಒತ್ತಿ ಎಂದು ಗುಂಡಿ ಮಿನುಗುತ್ತಿತ್ತು. ಅವಳು ಒತ್ತಲಿಲ್ಲ. ತೋಳಪ್ಪ ಸುಧಾರಿಸಿಕೊಂಡು ಎದ್ದು ನಮ್ಮನ್ನು ಮುಗಿಸಿದ. ನನಗೆ ಅವಳು ಏನು ಹೇಳುತ್ತಿದ್ದಾಳೆಂದು ಚೆನ್ನಾಗಿ ಗೊತ್ತಿತ್ತು.

ಅವಳು ಹಾಗೆ ಕೈ ಇಟ್ಟಾಗ ನಾನು ಬಂಡೂರಿನಲ್ಲಿದ್ದೆ, ನನಗೆ ಹದಿನಾರು. ಪಕ್ಕದ ಮನೆಯ ಸಿದ್ದೇಗೌಡರ ಹತ್ತಿರ ಒಂದು ಟಗರಿತ್ತು, ಬಂಡೂರು ತಳಿಯ ಅಪ್ಪಟ ಮಾದರಿ. ಗಿಡ್ಡ ಕಾಲು, ಅಗಲ ಬೆನ್ನು, ಕೊಂಬಿಲ್ಲದ ತಲೆ. ಆ ಬೆನ್ನು ಕಂಡಾಗಲೆಲ್ಲ ನನಗೆ ಇದರ ಮೇಲೆ ಕೂತು ಸವಾರಿ ಮಾಡಬಹುದಲ್ಲ ಅನ್ನಿಸುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಿದವನ ಬುದ್ಧಿ! ಒಂದು ಮಧ್ಯಾಹ್ನ ಹಗ್ಗ ಬಿಚ್ಚಿ ಹತ್ತಿದೆ. ಟಗರು ನನ್ನನ್ನು ಮಣ್ಣಿಗೆ ಕೆಡವಿ ಕಬ್ಬಿನ ಗದ್ದೆಗೆ ನುಗ್ಗಿತು. ಮತ್ತೆ ಯಾರಿಗೂ ಸಿಗಲಿಲ್ಲ.

ಪಂಚಾಯ್ತಿ ಸೇರಿತು. ಅನುಮಾನ ನನ್ನ ಮೇಲೆ. ನನ್ನ ಪ್ಯಾಂಟಿಗೆ ಅಂಟಿದ್ದ ಉಣ್ಣೆಯನ್ನು ದೊಡ್ಡವ್ವ ಸಂಜೆಯೇ ಕಂಡಿದ್ದಳು. ಆದರೂ ಊರ ದೇವರ ಮುಂದೆ ಉರಿಯುವ ದೀಪಕ್ಕೆ ಬಲಗೈ ಮುಟ್ಟಿಸಿ, "ನಮ್ ಐದ ಅಗ್ಗ ಬಿಚ್ಚಿಲ್ಲ" ಎಂದು ನನ್ನ ಪರವಾಗಿ ಆಣೆ ಮಾಡಿದಳು. ದೀಪ ಮುಟ್ಟಿದ ಮೇಲೆ ನಮ್ಮಲ್ಲಿ ಎದುರು ಮಾತಿಲ್ಲ. ಹಾಗಾದರೆ ಗಂಟೇ ಜಾರಿರಬೇಕು ಎಂದು ಊರು ತೀರ್ಮಾನಿಸಿತು. ಸುತ್ತಲೂ ಯಾರ ದನ ಹಗ್ಗಕ್ಕೆ ನಿಲ್ಲದಿದ್ದರೂ ಸಿದ್ದೇಗೌಡರನ್ನು ಕರೆಯುತ್ತಿದ್ದರು, ಅಂಥ ಗಂಟು ಅವರದು. ಅಲ್ಲಿಂದಾಚೆ ಅವರು ಗಂಟು ಹಾಕಲು ಬಾರದ ಗೌಡರಾದರು. ಮದುವೆ ಮನೆಯಲ್ಲೂ, ತಾಳಿ ಗಂಟಿನ ಹತ್ತಿರ ಇವರನ್ನು ಬಿಡಬೇಡಿ ಎಂದು ನಗುತ್ತಿದ್ದರು. ನಾನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೇನೆ. ಒಂದೆರಡು ಸಲ ನಕ್ಕಿದ್ದೇನೆ ಕೂಡ.

"ಆ ಕೈಯೇ ಬಿತ್ತು" ಎಂದಳು ದೊಡ್ಡವ್ವ, ಟಿವಿ ಮುಂದೆ ಕೂತೇ. ಇದು ರಕ್ತನಾಳದ ತೊಂದರೆ, ಆಣೆಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿಜ್ಞಾನ ಓದಿದವನಾಗಿ ಒದರಿದೆ. ಅವಳು ಕಂಟ್ರೋಲರನ್ನು ಪಕ್ಕಕ್ಕಿಟ್ಟಳು. "ಸುಳ್ಳೇಳ್ದೋರು ನಾವು, ಆ ತೋಳನ್ನ ಯಾವ್ ಬಾಯಲ್ಲಿ ಸಾಯಿಸಾದು? ಮೊದ್ಲು ಸಿದ್ದಣ್ಣನ್ ತಾವ ಬಾಯ್ ಬುಡ್ಬೇಕು. ಅಲ್ಲಿಗಂಟ ನಾ ಬೆರಳಾಡ್ಸಕಿಲ್ಲ."

ಹೇಳಿದಂತೆ ಮಾಡಿದಳು. ನಾಲ್ಕು ದಿನ ಬೆರಳು ಮಿಸುಕಲಿಲ್ಲ. ಹುಡುಗಿ ಕೊಟ್ಟ ಮೂರು ತಿಂಗಳಲ್ಲಿ ಅರ್ಧ ಕಳೆದಿತ್ತು. ಐದನೇ ದಿನ ತಾನೇ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ನಡಿ" ಎಂದಳು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ನಾನು ಹೊತ್ತು ಕಳೆಯಲು ಎರಡು ವಡೆ ತಿಂದೆ. ಮೂರನೆಯದಕ್ಕೆ ಕೈ ಹಾಕಿದಾಗ ದೊಡ್ಡವ್ವ ನೋಡಿದ ನೋಟಕ್ಕೆ ವಡೆ ಅಲ್ಲೇ ಉಳಿಯಿತು. ಮಳವಳ್ಳಿ ದಾಟಿ ಬಂಡೂರಿನಲ್ಲಿ ಇಳಿದೆವು.

ಸಿದ್ದೇಗೌಡರು ಜಗಲಿಯ ಮೇಲೆ ಕೂತು ಕತ್ತಾಳೆ ನಾರು ಹೊಸೆಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡವ್ವನೇ ಎಲ್ಲ ಹೇಳಿ ಮುಗಿಸಿದಳು. ಮುದುಕ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಮ್ಮ. ನನ್ ಗಂಟು ನಂಗ್ ಗೊತ್ತಾಗಕಿಲ್ವಾ? ಜಾರಿದ್ ಅಗ್ಗವೇ ಬ್ಯಾರೆ, ಬಿಚ್ಚಿದ್ ಅಗ್ಗವೇ ಬ್ಯಾರೆ."

"ಮತ್ಯಾಕಣ್ಣ ಸುಮ್ಕಿದ್ದೆ?"

"ನೀನು ದೀಪ ಮುಟ್ಬುಟ್ಟಿದ್ದೆ. ನಾನು ಬಾಯ್ ಬುಟ್ಟಿದ್ರೆ ಸುಳ್ಳಾಣೆ ಕೆಟ್ಟೆಸ್ರು ನಿನ್ ಕೈಗ್ ಬತ್ತಿತ್ತು."

ದೊಡ್ಡವ್ವ ಅತ್ತಳು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ. ಆ ಮನುಷ್ಯ ಇಪ್ಪತ್ತೆರಡು ವರ್ಷ ಅವಳ ಕೈಗೋಸ್ಕರ ತನ್ನ ಕೈಯ ಹೆಸರು ಕಳೆದುಕೊಂಡಿದ್ದ. ಆಮೇಲೆ ಅವರು ಹಗ್ಗದ ತುಂಡೊಂದನ್ನು ದೊಡ್ಡವ್ವನ ಬಲಗೈಗೆ ಕೊಟ್ಟು, "ಅಳಾದ್ ಬುಡು, ಗಂಟಾಕದ್ ಕಲಿ, ಬೆರಳು ಬತ್ತವೆ" ಎಂದರು. ನನ್ನ ಕಡೆ ತಿರುಗಿ, "ಇಲ್ಲೇಳಿದ್ರೆ ಸಾಲ್ದು ಕಣ್ಲಾ, ಟೀ ಅಂಗ್ಡೀಲಿ ಯೋಳು" ಎಂದರು. ಹೇಳಿದೆ. ಅಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಇವತ್ತಿಗೂ ಬಂಡೂರಿನಲ್ಲಿ ನಾನು ಟಗರು ಸವಾರ. ಗೌಡರನ್ನು ಮಾತ್ರ ಮತ್ತೆ ಗಂಟು ಹಾಕಲು ಕರೆಯುತ್ತಾರೆ.

ದೊಡ್ಡವ್ವ ಗಂಟು ಕಲಿತಳು, ಬೆರಳು ಬಂದವು. ಮುಂಚಿನ ನುಣುಪಿಲ್ಲದಿದ್ದರೂ ಮುದ್ದೆ ಕಟ್ಟುತ್ತಾಳೆ, ಒಂದು ಪಕ್ಕ ಸ್ವಲ್ಪ ಚಪ್ಪಟೆ. ಡಾಕ್ಟರು ಮಾತ್ರೆಯಿಂದ ಎನ್ನುತ್ತಾರೆ, ದೊಡ್ಡವ್ವ ನಿಜ ಹೇಳಿದ್ದರಿಂದ ಎನ್ನುತ್ತಾಳೆ, ನಾನು ತೋಳಪ್ಪನಿಂದ ಎನ್ನುತ್ತೇನೆ. ಅವಳು ಊರಿಗೆ ಹೋದ ಮೇಲೆ ಯಂತ್ರ ಅಟ್ಟ ಸೇರಿತು.

ಈಗ ಏಣಿ ಇಳಿದು ಯಂತ್ರವನ್ನು ಟಿವಿಗೆ ಸಿಕ್ಕಿಸಿದೆ. ನಾವು ಸಾಯುವ ಮುಂಚಿನ ಗಳಿಗೆಯನ್ನು ಆಟ ಉಳಿಸಿಟ್ಟಿತ್ತು, ಅಲ್ಲಿಂದಲೇ ಶುರುವಾಯಿತು. ಮಂಡಿಯೂರಿದ ತೋಳಪ್ಪ, ಮಿನುಗುವ ಗುಂಡಿ. ಬಲಗಡೆ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಎಡಗಡೆಯ ನನ್ನ ಪಾಲನ್ನು ಹಿಂದಕ್ಕೆ ತಳ್ಳಿದೆ. ವೀರ ತಿರುಗಿದ, ಹಿಮದಲ್ಲಿ ನಡೆದ. ತೋಳಪ್ಪ ಎದ್ದ. ಬೆನ್ನು ಹತ್ತಲಿಲ್ಲ. ಕತ್ತಿನ ಸರಪಳಿ ಎಳೆದುಕೊಂಡು ತನ್ನ ಕಾಡಿನ ಕಡೆ ಹೊರಟುಹೋದ. ಇಷ್ಟು ಸುಲಭದ ದಾರಿ ಅಲ್ಲೇ ಇತ್ತು! ಆ ದಿನ ನಾವು ಸತ್ತದ್ದು ಅವಳ ಕೈ ಒತ್ತಲಿಲ್ಲವೆಂದಲ್ಲ, ಅವಳ ಕೈ ಏನು ಮಾಡುತ್ತದೋ ಎಂದು ನನ್ನ ಕಾಲು ನಿಂತೇ ಇದ್ದದ್ದಕ್ಕೆ. ಹದಿನಾರರಲ್ಲಿ ನಿಜ ಹೇಳಲು ಸಿದ್ದೇಗೌಡರ ಜಗಲಿಗೆ ಇದ್ದದ್ದು ಇಪ್ಪತ್ತು ಹೆಜ್ಜೆ.

ಬಂಡೂರಿಗೆ ಫೋನು ಮಾಡಿ, ತೋಳಪ್ಪನನ್ನು ಬಿಟ್ಟು ಬಂದೆ ದೊಡ್ಡವ್ವ ಎಂದೆ. ಅತ್ತ ಕಡೆ ಮುದ್ದೆ ತೊಳಸುವ ಸದ್ದು ನಿಂತಿತು.

"ಈಗ್ಲಾದ್ರೂ ಕಾಲ್ ಆಡುಸ್ದಲ್ಲ, ಬುಡು" ಎಂದಳು.