ಕುದುರೆಯ ಹೇನು ಹೆಕ್ಕಿದ ದೊಡ್ಡಮ್ಮ

ದೊಡ್ಡಮ್ಮನ ಎರಡೂ ಹೆಬ್ಬೆರಳ ಉಗುರುಗಳು ಚಪ್ಪಟೆಯಾಗಿ, ಬಂಗುಡೆ ಮೀನಿನ ಹೊಟ್ಟೆಯ ಹಾಗೆ ಹೊಳೆಯುತ್ತಿದ್ದವು. ಒಂದರ ಮೇಲೊಂದು ಒತ್ತಿದರೆ ಚಟ್ ಎಂದು ಸದ್ದು. ಅಲ್ಲಿಗೆ ಒಂದು ಹೇನಿನ ಕತೆ ಮುಗಿಯಿತು. ಮೀನು ಮಾರಿ ಬಂದು, ಉಂಡು, ಮಧ್ಯಾಹ್ನ ಅವಳು ಜಗುಲಿಯ ಮೆಟ್ಟಿಲ ಮೇಲೆ ಕೂತಳೆಂದರೆ ಕೇರಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೋಗಿ ತಲೆ ಬಗ್ಗಿಸಬೇಕು. ತಪ್ಪಿಸಿಕೊಂಡರೆ ಬಿಡುವವಳಲ್ಲ. ಹೇನು ಬಂದರೆ ಮರ್ಯಾದೆ ಹೋಗುವುದಿಲ್ಲ, ಮುಚ್ಚಿಟ್ಟುಕೊಂಡು ಕೂತರೆ ಹೋಗುತ್ತದೆ ಎಂದು ಗದರುತ್ತಿದ್ದಳು.

ನನಗೆ ಅವಳು ರಕ್ತಸಂಬಂಧಿಯೇನೂ ಅಲ್ಲ. ಮದುವೆಯಾಗಿ ಮುರ್ಡೇಶ್ವರಕ್ಕೆ ಬಂದಾಗ ಪಕ್ಕದ ಮನೆಯಲ್ಲಿದ್ದಳು, ದೊಡ್ಡಮ್ಮ ಎಂದು ಕರೆದೆ, ಹಾಗೇ ಉಳಿಯಿತು. ಬೆಳಗಾಗುತ್ತಲೇ ದೋಣಿ ಬರುವಲ್ಲಿಗೆ ಹೋಗಿ ಮೀನು ತೆಗೆದುಕೊಂಡು, ಬುಟ್ಟಿ ತಲೆ ಮೇಲೆ ಹೊತ್ತು, ಮಾವಳ್ಳಿಯ ಮನೆಮನೆ ತಿರುಗುವಳು. ಚೌಕಾಸಿ ಮಾಡಿದವರ ಗ್ರಹಚಾರ ಬಿಡಿಸುವಳು. ಆದರೆ ಬಸುರಿ ಇರುವ ಮನೆಗೆ ಒಳ್ಳೆಯ ಮೀನು ತೆಗೆದಿಟ್ಟೇ ಮುಂದೆ ಹೋಗುವುದು. ನನಗಂತೂ ಮೊದಮೊದಲು ಅವಳನ್ನು ಕಂಡರೆ ಭಯವೇ ಇತ್ತು.

ನಮ್ಮನೆಯವರು ಬೀಚಿನಲ್ಲಿ ಕುದುರೆ ಓಡಿಸುತ್ತಾರೆ. ಬಂದ ಪ್ರವಾಸಿಗರ ಮಕ್ಕಳನ್ನು ಕೂರಿಸಿ ಒಂದು ಸುತ್ತು ತರುವುದು. ಇರುವುದು ಒಂದೇ ಕುದುರೆ, ಮನೆ ನಡೆಯುವುದೂ ಅದರಿಂದಲೇ. ಆ ವರ್ಷ ಘಟ್ಟದ ಮೇಲಿಂದ ಹೊಸದಾಗಿ ತಂದ ಕುದುರೆಗೆ ಚಳಿಗಾಲ ಬರುತ್ತಲೇ ಮೈತುಂಬ ದಟ್ಟ ಕೂದಲು ಬೆಳೆಯಿತು, ಕೂದಲ ಬುಡದಲ್ಲಿ ಹೇನು. ತೆಂಗಿನ ಮರಕ್ಕೆ ಕುತ್ತಿಗೆ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಿತು. ನಮ್ಮನೆಯವರಿಗೆ ಗೊತ್ತಿದ್ದ ಔಷಧ ಒಂದೇ, ಸಮುದ್ರದ ನೀರು. ಮನುಷ್ಯರ ತುರಿಗೆ ಆಗುತ್ತದಲ್ಲ, ಇದಕ್ಕೂ ಆದೀತು ಎಂದು ಬೆಳ್ಳಂಬೆಳಗ್ಗೆ ಆ ಚಳಿಯಲ್ಲಿ ಅಲೆಗೆ ಇಳಿಸಿ ಮೀಯಿಸಿದರು. ಪಾಪದ ಪ್ರಾಣಿ, ಮಧ್ಯಾಹ್ನದವರೆಗೂ ಗಡಗಡ ನಡುಗುತ್ತಲೇ ನಿಂತಿತ್ತು. ಹೇನುಗಳು ಮಾತ್ರ ಹಾಯಾಗಿದ್ದವು.

ಭಟ್ಕಳದಿಂದ ಬಂದ ದನದ ಡಾಕ್ಟರು ನಮ್ಮನೆಯವರಿಗೆ ಸರಿಯಾಗಿ ಬೈದರು. ಚಳಿಯಲ್ಲಿ ಮೈ ಒದ್ದೆ ಮಾಡಬೇಡಿ, ಈ ಪುಡಿಯನ್ನು ಕೂದಲ ಬುಡಕ್ಕೆ ಇಳಿಯುವಂತೆ ಉಜ್ಜಿ, ಸೀರು ಒಡೆದು ಮರಿ ಬರುತ್ತವೆ, ಅದಕ್ಕೇ ಎರಡು ವಾರ ಬಿಟ್ಟು ಮತ್ತೊಮ್ಮೆ ಹಾಕಿ, ಹೊದಿಸುವ ಕಂಬಳಿಯನ್ನು ಬಿಸಿನೀರಲ್ಲಿ ಒಗೆಯಿರಿ, ಅಲ್ಲಿಯವರೆಗೆ ಬೇರೆ ಕುದುರೆಗಳ ಹತ್ತಿರ ಬಿಡಬೇಡಿ ಎಂದರು. ಕುದುರೆಯ ಹೇನು ಮನುಷ್ಯರ ತಲೆಯಲ್ಲಿ ಬದುಕುವುದಿಲ್ಲ, ಹೆದರಬೇಡಿ ಎಂದೂ ಹೇಳಿದರು. ಎಲ್ಲ ಸರಿ, ಉಜ್ಜುವವರು ಯಾರು? ಹುಣ್ಣಾದ ಕುತ್ತಿಗೆಯ ಹತ್ತಿರ ಕೈ ತಂದರೆ ಸಾಕು, ಕುದುರೆ ಒದೆಯಲು ಬರುತ್ತಿತ್ತು.

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಹುಟ್ಟಿದಂದಿನಿಂದ ಕುದುರೆ ಮುಟ್ಟಿದವಳಲ್ಲ. ನಮ್ಮನ್ನೆಲ್ಲ ಗದರಿಸಿಯೇ ಮಾತಾಡಿಸುವ ಹೆಂಗಸು, ಅದರ ಕಿವಿಯ ಬಳಿ ತನ್ನ ಮನೆಮಾತು ಕೊಂಕಣಿಯಲ್ಲಿ ಮೆತ್ತಗೆ ಏನೋ ಹೇಳುತ್ತ, ಹುಣ್ಣಿಲ್ಲದ ಕಡೆಯಿಂದ ಶುರುಮಾಡಿದಳು. ಹುಡುಗಿಯರಿಗೆ ಬೈತಲೆ ತೆಗೆದಂತೆ ಕೂದಲು ಸೀಳಿ ಸೀಳಿ ಪುಡಿ ಹಾಕಿದಳು, ಸೀರಣಿಗೆ ಹಿಡಿದು ಕುತ್ತಿಗೆಯ ಜೂಲು ಬಾಚಿದಳು, ಕಂಡ ಹೇನನ್ನೆಲ್ಲ ಹೆಕ್ಕಿದಳು. ಅಷ್ಟು ದೊಡ್ಡ ಪ್ರಾಣಿ ಮೆಲ್ಲಗೆ ತಲೆ ಇಳಿಸಿ ಅವಳ ಹೆಗಲ ಮೇಲೆ ಗಲ್ಲ ಊರಿತು. ಪುಡಿಯ ಡಬ್ಬಿ ಹಿಡಿದು ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ಅಂಥದ್ದನ್ನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಎರಡನೆಯ ಸಲದ ಪುಡಿಯೂ ಆದ ಮೇಲೆ ಡಾಕ್ಟರು ನೋಡಿ, ಇನ್ನು ಹೇನಿಲ್ಲ, ಬೀಚಿಗೆ ಒಯ್ಯಬಹುದು ಅಂದರು. ಆದರೆ ಕುತ್ತಿಗೆಯಲ್ಲಿ ಅಲ್ಲಲ್ಲಿ ಕೂದಲು ಉದುರಿದ್ದು ಹಾಗೇ ಕಾಣುತ್ತಿತ್ತು, ಸುದ್ದಿಯೂ ಬೀಚಿನ ತುಂಬ ಹಬ್ಬಿತ್ತು. ಡಿಸೆಂಬರ್ ರಜೆ, ಕಾಲಿಡಲು ಜಾಗವಿಲ್ಲದಷ್ಟು ಜನ, ನಮ್ಮ ಕುದುರೆಯ ಹತ್ತಿರ ಮಾತ್ರ ಒಂದು ನರಪಿಳ್ಳೆಯೂ ಇಲ್ಲ. ಮಕ್ಕಳ ತಲೆಗೆ ಹತ್ತುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ದೂರ ಸರಿಯುತ್ತಿದ್ದರು. ಈ ವಾರವೂ ಹೀಗೇ ಆದರೆ ಕುದುರೆಯನ್ನು ತಂದಲ್ಲಿಗೇ ವಾಪಸು ಕಳಿಸಿ, ಗೋವಾಕ್ಕೆ ಬೋಟಿನ ಕೆಲಸಕ್ಕೆ ಹೋಗುವುದೆಂದು ನಮ್ಮನೆಯವರು ತೀರ್ಮಾನಿಸಿಬಿಟ್ಟಿದ್ದರು.

ಭಾನುವಾರ ಸಂಜೆ, ಮಾವಳ್ಳಿಯವರೂ ಮಕ್ಕಳನ್ನು ಕರೆದುಕೊಂಡು ಬೀಚಿಗೆ ಬರುವ ಹೊತ್ತಿಗೆ, ದೊಡ್ಡಮ್ಮ ಖಾಲಿ ಬುಟ್ಟಿಯೊಂದಿಗೆ ಅಲ್ಲಿಗೇ ಬಂದಳು. ಬುಟ್ಟಿ ಮರಳ ಮೇಲಿಟ್ಟು ಮುಡಿ ಬಿಚ್ಚಿದಳು. ಸೊಂಟದವರೆಗೆ ಇಳಿಯುವ ನರೆತ ಕೂದಲು. ಅಷ್ಟೂ ಜನರೆದುರು ಅದನ್ನು ಕುದುರೆಯ ಕುತ್ತಿಗೆಯ ಮೇಲೆ ಹರಡಿ, ತಲೆಯನ್ನು ಅಲ್ಲೇ ಒರಗಿಸಿ, ಕಣ್ಣುಮುಚ್ಚಿ ನಿಂತುಬಿಟ್ಟಳು.

"ನಾಳೆ ನಿಮ್ಮನೆಗೆ ಮೀನು ಹೊತ್ಕಂಡು ಬರೂದು ಇದೇ ತಲೆ ಮೇಲೆ" ಎಂದಳು, ಅಷ್ಟೆ.

ಅವಳ ತಲೆಯಲ್ಲಿ ಒಂದು ಹೇನು ಕಂಡರೂ ಮಾವಳ್ಳಿಯಲ್ಲಿ ಯಾರೂ ಮತ್ತೆ ಆ ಬುಟ್ಟಿ ಇಳಿಸಿಕೊಳ್ಳುತ್ತಿರಲಿಲ್ಲ. ಅದು ಅಲ್ಲಿದ್ದ ಊರವರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ಹತ್ತಿರ ದಿನಾ ಮೀನು ಕೊಳ್ಳುವ ಒಬ್ಬ ಹೆಂಗಸು ಮುಂದೆ ಬಂದು ತನ್ನ ಮಗಳನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದಳು. ಆಮೇಲೆ ಕತ್ತಲಾಗುವವರೆಗೂ ನಮ್ಮನೆಯವರಿಗೆ ಪುರುಸೊತ್ತಿಲ್ಲ.

ದೊಡ್ಡಮ್ಮ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಕುದುರೆ ನಮ್ಮಲ್ಲೇ ಇದೆ, ನಮ್ಮನೆಯವರೂ ಊರಲ್ಲೇ ಇದ್ದಾರೆ. ಅವಳ ಧೈರ್ಯದ ಮಾತು ಬಂದಾಗಲೆಲ್ಲ ಕೇರಿಯವರು ಬೀಚಿನ ಆ ಸಂಜೆಯನ್ನೇ ಹೇಳುತ್ತಾರೆ. ಅದರ ಮುಂದಿನದು ಗೊತ್ತಿರುವುದು ನನಗೊಬ್ಬಳಿಗೇ. ಬೀಚಿನಿಂದ ಅವಳು ಸೀದಾ ನಮ್ಮ ಅಡಿಗೆಮನೆಗೆ ಬಂದು, ಬಾಗಿಲು ಹಾಕಿ, ಟ್ಯೂಬ್‌ಲೈಟಿನ ಕೆಳಗೆ ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಅವಳ ತಲೆಗೆ ಇನ್ನೊಬ್ಬರು ಕೈ ಹಾಕಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಕೇರಿಯ ಹುಡುಗಿಯರ ಹಾಗೆ ತಲೆ ಬಗ್ಗಿಸಿದಳು.

"ಡಾಕ್ಟರು ಹೇಳಿದ್ದು ನಾ ಅರ್ಧವೇ ನಂಬಿದ್ದು ಮಗಾ" ಎಂದಳು. "ಬುಡದವರೆಗೂ ಸಮಾ ನೋಡು."