ಎದುರು ಬಾಗಿಲಿನ ಪಾಪ

ನನಗೆ ಜೀವಮಾನದಲ್ಲಿ ಅತಿ ಹೆಚ್ಚು ಹೊಟ್ಟೆಕಿಚ್ಚು ಬಂದದ್ದು ಬ್ಲೌಸ್ ಹೊಲಿಯುವ ಒಬ್ಬ ಹೆಂಗಸಿನ ಮೇಲೆ. ಅವರ ಮುಂದೆ ನನ್ನ ಆರು ವರ್ಷದ ಮಗಳು ಪಟಪಟ ಮಾತಾಡುತ್ತಿದ್ದಳು. ನನ್ನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳು. ಕಾರಣ ಇಷ್ಟೇ.

ಮೂರು ವರ್ಷದ ಹಿಂದಿನ ಮಾತು. ಗಂಡನಿಗೆ ವರ್ಗವಾಗಿ ನಾವು ಮಂಡ್ಯದಿಂದ ಚೆನ್ನೈಗೆ ಬಂದು, ವೇಲಚೇರಿಯಲ್ಲಿ ಮೂರನೇ ಮಹಡಿಯ ಮನೆಯೊಂದನ್ನು ಹಿಡಿದಿದ್ದೆವು. ನಾನೂ ಪೆರುಂಗುಡಿಯ ಒಂದು ಆಫೀಸಿಗೆ ಸೇರಿಕೊಂಡೆ. ಶಾಲೆಯ ವ್ಯಾನು ಮಗಳನ್ನು ಮೂರೂವರೆಗೆ ಗೇಟಿನ ಹತ್ತಿರ ಇಳಿಸುತ್ತಿತ್ತು. ನಾನು ಮೆಟ್ಟಿಲು ಹತ್ತುವಾಗ ಆರೂವರೆ. ನಡುವಿನ ಮೂರು ಗಂಟೆ ಮಗಳು ಎದುರು ಮನೆಯಲ್ಲಿ ಇರುತ್ತಿದ್ದಳು. ಅಲ್ಲಿದ್ದದ್ದು ಐವತ್ತು ದಾಟಿದ ತಮಿಳು ಹೆಂಗಸು. ನಡುಮನೆಯಲ್ಲೇ ಮಿಷನ್ ಇಟ್ಟುಕೊಂಡು ಇಡೀ ಅಪಾರ್ಟ್‌ಮೆಂಟಿನವರ ಬ್ಲೌಸ್ ಹೊಲಿಯುತ್ತಿದ್ದರು. ಮಗುವನ್ನು ನಮ್ಮಲ್ಲೇ ಬಿಡಿ ಎಂದು ತಾವಾಗಿಯೇ ಹೇಳಿದವರು ಅವರು. ಕೆಳಗಿನ ಮನೆಯ ಹುಡುಗಿಯೊಬ್ಬಳು ನನ್ನ ಮಗಳದೇ ಕ್ಲಾಸು. ಅವಳೂ ಅಲ್ಲಿಗೇ ಬರುತ್ತಿದ್ದಳು. ಇಬ್ಬರೂ ಮಿಷನ್ನಿನ ಕೆಳಗೆ ಕುಳಿತು ಹುಕ್ಕುಗಳನ್ನೂ ಗುಂಡಿಗಳನ್ನೂ ಬೇರೆ ಬೇರೆ ಡಬ್ಬಕ್ಕೆ ಹಾಕುವುದು ಆಟ.

ಎರಡು ತಿಂಗಳಲ್ಲಿ ಮಗಳಿಗೆ ತಮಿಳು ಬಂತು. ಎದುರು ಮನೆಯವರು ‘ಪೆರಿಯಮ್ಮ’ ಆದರು. ನಮ್ಮಲ್ಲಿ ದೊಡ್ಡಮ್ಮ ಅನ್ನುವುದಿಲ್ಲವೆ, ಹಾಗೆ. ಗೊತ್ತಿದ್ದೂ ಆ ಶಬ್ದ ನನಗೆ ಚುಚ್ಚುತ್ತಿತ್ತು. ಅವರು ದೊಡ್ಡ ಅಮ್ಮನಾದರೆ ನಾನು ಯಾರು, ಚಿಲ್ಲರೆ ಅಮ್ಮನೆ?

ಎರಡನೇ ಮಹಡಿ ತಲುಪುವಷ್ಟರಲ್ಲೇ ಮಗಳ ನಗು ಕೇಳುತ್ತಿತ್ತು. ನನ್ನ ಮನೆಯೊಳಗೆ ಆ ನಗು ಕೇಳಿ ಎಷ್ಟು ದಿನವಾಯಿತೆಂದು ಲೆಕ್ಕ ಹಾಕುತ್ತಾ ಉಳಿದ ಮೆಟ್ಟಿಲು ಹತ್ತುತ್ತಿದ್ದೆ. ಅದರ ಮೇಲೆ ಆ ‘ಪಾಪ’ ಬೇರೆ. ಬಾಗಿಲ ಹತ್ತಿರ ಬಂದರೆ ಒಳಗಿನಿಂದ ಅವರ ದನಿ: “ಪಾಪಾ, ಅಮ್ಮಾ ಇನ್ನುಂ ವರಲೆ.” ಪಾಪ, ಅಮ್ಮ ಇನ್ನೂ ಬಂದಿಲ್ಲ! ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ತಾಯಿ ಕೆಲಸಕ್ಕೆ ಹೋದರೆ ಮಗು ಅನಾಥವಾಗಿಬಿಟ್ಟಿತೆ? ನಾನು ಬಾಗಿಲು ತಟ್ಟಿದರೆ, “ಪಾಪಾ, ಅಮ್ಮಾ ವಂದಾಚ್ಚು.” ಅಮ್ಮ ಬರದಿದ್ದರೂ ಪಾಪ, ಬಂದರೂ ಪಾಪ. ದಿನಕ್ಕೆ ಹತ್ತು ಸಲ ನನ್ನ ಮಗುವಿನ ಮೇಲೆ ಕನಿಕರ ಸುರಿಯಲು ಇವರು ಯಾರು?

ಮನೆಗೆ ಬಂದ ಮೇಲೆ ನಾನೂ ಕೇಳುತ್ತಿದ್ದೆ. ಟಿಫಿನ್ ಖಾಲಿ ಮಾಡಿದ್ಯಾ? ಹೋಮ್‌ವರ್ಕ್ ಎಲ್ಲಿ? ಸ್ಕೂಲಲ್ಲಿ ಏನಾಯ್ತು? ಅವಳು ಉತ್ಸಾಹದಿಂದ ಶುರು ಮಾಡುತ್ತಿದ್ದಳು, ತಮಿಳಿನಲ್ಲಿ. “ಕನ್ನಡದಲ್ಲಿ ಹೇಳು” ಅನ್ನುತ್ತಿದ್ದೆ. ಸ್ವಲ್ಪ ಹೊತ್ತು ಮೇಲೆ ನೋಡುತ್ತಿದ್ದಳು. ಆಮೇಲೆ “ಏನಿಲ್ಲ” ಎಂದು ಎದ್ದುಹೋಗುತ್ತಿದ್ದಳು. ಐದು ನಿಮಿಷ ಬಿಟ್ಟು ನೋಡಿದರೆ ಎದುರು ಬಾಗಿಲಲ್ಲಿ ನಿಂತು ಕೈಬಾಯಿ ತಿರುಗಿಸುತ್ತಾ ಕಥೆ ಹೇಳುತ್ತಿರುತ್ತಿದ್ದಳು.

ಸ್ಪರ್ಧೆಗೆ ಇಳಿದೆ. ಆಫೀಸಿನಿಂದ ಬಂದ ಸುಸ್ತಿನಲ್ಲೇ ಕೋಡುಬಳೆ ಕರಿದೆ. ಮಗಳು ಎರಡು ತಿಂದು, ನಾಲ್ಕನ್ನು ಪೇಪರಿನಲ್ಲಿ ಸುತ್ತಿ ಪೆರಿಯಮ್ಮನಿಗೆ ಕೊಟ್ಟುಬಂದಳು. ಕೊನೆಗೆ ಕೆಟ್ಟ ಬುದ್ಧಿ ಬಂದು ಅವರಿಗೇ ಒಂದು ಬ್ಲೌಸ್ ಹೊಲಿಯಲು ಕೊಟ್ಟೆ, ತಪ್ಪು ಹುಡುಕೋಣವೆಂದು. ಮೈಯಿಂದ ತೆಗೆಯಲು ಮನಸ್ಸಾಗದಷ್ಟು ಸರಿಯಾಗಿ ಕೂತಿತು. ತೋಳು ಬಿಗಿ ಎಂದು ಸುಳ್ಳು ಹೇಳಿ ವಾಪಸು ಕೊಟ್ಟೆ.

“ನಿಂಗೆ ಹೊಟ್ಟೆಕಿಚ್ಚು ಕಣೇ,” ಎಂದು ಗಂಡ ನಕ್ಕರು.

“ಹೌದು, ಏನೀಗ?” ಅಂದೆ. “ನನ್ ಮಗ್ಳು ನನ್ ಹತ್ರ ಮಾತಾಡ್ದೆ ಊರೋರ ಹತ್ರ ಮಾತಾಡಿದ್ರೆ ಕಿಚ್ಚಾಗ್ದೆ ಇರುತ್ತಾ?”

ಮರುವಾರವೇ ಮಗಳನ್ನು ಪಕ್ಕದ ರಸ್ತೆಯ ಡೇಕೇರಿಗೆ ಸೇರಿಸಿದೆ. ಅಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ಚಿತ್ರ ಬಿಡಿಸುತ್ತಾರೆ ಎಂದು ಎದುರು ಮನೆಯವರಿಗೆ ನೆಪ ಹೇಳಿದೆ. ಅವರು ತಲೆಯಾಡಿಸಿದರು. ವ್ಯಾನು ಈಗ ಮಗಳನ್ನು ಡೇಕೇರಿನ ಮುಂದೆ ಇಳಿಸತೊಡಗಿತು. ನಾನು ಗೆದ್ದೆನೆಂದುಕೊಂಡೆ. ಆದರೆ ಎದುರು ಮನೆಯ ನಗು ನಿಂತಿತೇ ಹೊರತು ನನ್ನ ಮನೆಗೆ ಬರಲಿಲ್ಲ. ಮಗಳು ಮುಖ ಊದಿಸಿಕೊಂಡಿರಲಿಲ್ಲ, ಹಟವನ್ನೂ ಮಾಡಲಿಲ್ಲ. ಸುಮ್ಮನೆ ಯೂನಿಫಾರ್ಮಿನ ಕಾಲರ್ ಕಚ್ಚುತ್ತಾ ಕೂರುತ್ತಿದ್ದಳು. ಎಂಟು ದಿನದಲ್ಲಿ ಕಾಲರಿನ ಅಂಚು ನೂಲು ನೂಲಾಯಿತು.

ಆ ಶನಿವಾರ ಎದುರು ಮನೆಯವರು ಮೆಟ್ಟಿಲ ಮೇಲೆ ಸಿಕ್ಕರು. ಕೈಯಲ್ಲಿ ನನ್ನ ಬ್ಲೌಸು. ತೋಳು ಸಡಿಲ ಮಾಡಿದ್ದಾರಂತೆ. ಕೊಟ್ಟವರೇ ಕೇಳಿದರು: “ಪಾಪಾ ಎಪ್ಪಡಿ ಇರುಕ್ಕಾ?”

ಹೇಗಿದ್ದಾಳೆ ಎಂದು ಕೇಳಿದ್ದು ಅಷ್ಟೇ. ನನಗೆ ತಲೆ ಕೆಟ್ಟಿತು. ಇದ್ದಬದ್ದ ತಮಿಳನ್ನೆಲ್ಲ ಕೂಡಿಸಿಕೊಂಡು, ನನ್ನ ಮಗುವಿಗೆ ಏನು ಕಮ್ಮಿಯಾಗಿದೆ, ಅಪ್ಪ ಇದ್ದಾನೆ, ಅಮ್ಮ ಇದ್ದೇನೆ, ಯಾಕೆ ಪಾಪ ಪಾಪ ಅನ್ನುತ್ತೀರಿ ಎಂದು ಕೇಳಿಯೇಬಿಟ್ಟೆ.

ಅವರು ಕಣ್ಣು ಕಣ್ಣು ಬಿಟ್ಟರು. “ಪಾಪ್ಪಾವೆ ಪಾಪ್ಪಾನ್ನು ಸೊಲ್ಲಾಮ ವೇರ ಎನ್ನಮ್ಮಾ ಸೊಲ್ರದು?” ಪಾಪಾಳನ್ನು ಪಾಪಾ ಎನ್ನದೆ ಇನ್ನೇನನ್ನಲಿ?

ಅಷ್ಟರಲ್ಲಿ ಕೆಳಗಿನ ಮನೆಯಾಕೆ ತನ್ನ ಹಾಲುಗೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಇವರು ಕೂಸಿನ ಕಡೆ ಬೆರಳು ತೋರಿಸಿ, “ಅದುವುಂ ಪಾಪ್ಪಾದಾನ್” ಅಂದರು. ಅದೂ ಪಾಪಾನೇ.

ನನಗೆ ಆಗ ಹೊಳೆಯಿತು. ನಮ್ಮ ಪಾಪು ಇವರ ಪಾಪಾ. ನಮ್ಮ ಪಾಪ ಇವರ ಬಾಯಲ್ಲಿ ‘ಪಾವಂ’. ಮೂರು ತಿಂಗಳು ಆ ಹೆಂಗಸು ನನ್ನ ಮಗಳನ್ನು ಪುಟ್ಟಿ ಎಂದು ಕರೆದದ್ದಕ್ಕೆ ನಾನು ಹಲ್ಲು ಕಡಿದುಕೊಂಡು ಓಡಾಡಿದ್ದೆ. ತೊದಲುತ್ತಾ ವಿಷಯ ಹೇಳಿದೆ. ಅವರು ನಗುತ್ತಾ ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ನನಗೆ ನಾಚಿಕೆಯಾಯಿತು ನಿಜ. ಆದರೆ ಕಿಚ್ಚು ಆರಿರಲಿಲ್ಲ.

“ಅಕ್ಕಾ, ಅವಳನ್ನ ಅಷ್ಟು ಮಾತಾಡಿಸೋಕೆ ನೀವು ಏನು ಮಾಡ್ತೀರಿ?” ಎಂದು ನನ್ನ ಹರಕು ತಮಿಳಿನಲ್ಲೇ ಕೇಳಿದೆ.

“ನಾನ್ ಎಂಗಮ್ಮಾ ಪೇಸ್ರೇನ್? ಕೈ ತೈಕ್ಕುದು, ಕಾದು ಕೇಕ್ಕುದು.” ನಾನೆಲ್ಲಿ ಮಾತಾಡುತ್ತೇನೆ, ಕೈ ಹೊಲಿಯುತ್ತದೆ, ಕಿವಿ ಕೇಳುತ್ತದೆ ಎಂದು ಸೀರೆ ಕೊಡವಿಕೊಂಡು ಎದ್ದರು.

ಮಧ್ಯಾಹ್ನ ನಾನು ಸೂಜಿದಾರ ತೆಗೆದುಕೊಂಡು ಹರಿದ ಕಾಲರ್ ಹೊಲಿಯಲು ಕುಳಿತೆ. ಸ್ಕೂಲು, ಟಿಫಿನ್ನು, ಯಾವುದನ್ನೂ ಕೇಳಲಿಲ್ಲ. ನನ್ನ ಹೊಲಿಗೆ ನೋಡಬೇಕಿತ್ತು, ಕೋಳಿ ಕೆದರಿದ ಹಾಗೆ. ಮಗಳು ಬಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ಸೂಜಿ ನೋಡಿದಳು. ಆಮೇಲೆ ನೆಲ ನೋಡುತ್ತಾ ಅಂದಳು, “ಅಮ್ಮಾ, ಅವ ಎನ್ ಕೂಡ ಕಾ ವಿಟ್ಟುಟ್ಟಾ.”

‘ಕನ್ನಡದಲ್ಲಿ ಹೇಳು’ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡು ದಾರ ಕಚ್ಚಿದೆ.

ಮಗಳು ಹೇಳುತ್ತಲೇ ಹೋದಳು. ವ್ಯಾನು ಅಂದಳು, ಗುಂಡಿ ಡಬ್ಬ ಅಂದಳು, ಪೆರಿಯಮ್ಮ ಅಂದಳು, ನಡುನಡುವೆ ಕಾ ಅಂದಳು. ಕಾ ಅಂದರೆ ಕಾಗೆಯೋ ಕಾಯಿಯೋ ನನಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬರುವುದು ಮಾತ್ರ ಕಂಡಿತು. ಎಲ್ಲ ಮುಗಿದ ಮೇಲೆ ನನ್ನ ಮುಖ ನೋಡಿದಳು.

“ಪಾಪ ಅಮ್ಮ. ನಿಂಗೆ ಅರ್ಥ ಆಗ್ಲಿಲ್ಲ ಅಲ್ವಾ?”

ಇದು ನಮ್ಮ ಮಂಡ್ಯದ ಅಪ್ಪಟ ಪಾಪ, ಅದರಲ್ಲಿ ಅನುಮಾನವೇ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

“ಕಾ ಅಂದ್ರೆ ಟೂ ಬಿಡೋದು,” ಎಂದು ಈಗ ತಾನಾಗಿಯೇ ಕನ್ನಡಕ್ಕೆ ಬಂದಳು. “ಕೆಳಗಡೆ ಮನೆಯವ್ಳು ಟೂ ಬಿಟ್ಲು. ನಾನು ಪೆರಿಯಮ್ಮನ ಮನೆಗೆ ಬರಲ್ಲ ಅಂತ. ನಿಮ್ಮಮ್ಮಂಗೆ ನಮ್ಮನ್ನ ಕಂಡ್ರೆ ಆಗಲ್ಲ ಅಂದ್ಲು. ಹೌದಾ ಅಮ್ಮ?”

ಸೂಜಿ ಬೆರಳಿಗೆ ಚುಚ್ಚಿತು. ಸುಳ್ಳು ಹೇಳಬಹುದಿತ್ತು. ಅಷ್ಟು ಹೇಳಿದವಳಿಗೆ ಹೇಗೆ ಸುಳ್ಳು ಹೇಳಲಿ?

“ಹೊಟ್ಟೆಕಿಚ್ಚು ಕಣೇ ನಂಗೆ,” ಅಂದೆ. “ನೀನು ಎಲ್ಲಾನೂ ಅವ್ರ ಹತ್ರ ಹೇಳ್ತೀಯ. ನನ್ ಹತ್ರ ಏನೂ ಹೇಳಲ್ಲ.”

“ನೀನು ಕನ್ನಡದಲ್ಲಿ ಹೇಳು ಅಂತೀಯಲ್ಲ. ನಾನು ಹುಡ್ಕೋ ಅಷ್ಟ್ರಲ್ಲಿ ಮರ್ತೋಗುತ್ತೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ನಾನು ಕಾಲರ್ ಕೆಳಗಿಟ್ಟು ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ. ಎಷ್ಟು ಸಂಜೆಗಳ ಮಾತು ಹಾಗೆ ಮರೆತುಹೋಯಿತೋ.

ಸೋಮವಾರ ಡೇಕೇರು ಬಿಡಿಸಿದೆ. ಸಂಜೆ ಎರಡನೇ ಮಹಡಿಗೆ ಬರುವಷ್ಟರಲ್ಲಿ ಎರಡು ಹುಡುಗಿಯರ ನಗು ಕೇಳಿತು, ಟೂ ಮುಗಿದಿತ್ತು. ಬಾಗಿಲು ತಟ್ಟಿದೆ. “ಪಾಪ್ಪಾ, ಅಮ್ಮಾ ವಂದಾಚ್ಚು!” ಮಗಳು ಓಡಿಬಂದು, ನಾನು ಚಪ್ಪಲಿ ಬಿಡುವ ಮೊದಲೇ ತಮಿಳಿನಲ್ಲಿ ಶುರು ಹಚ್ಚಿಕೊಂಡಳು. ಬ್ಯಾಗು ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಕೇಳಿದೆ. ಅರ್ಧ ಅರ್ಥವಾಯಿತು.

ಅವಳಿಗೀಗ ಒಂಬತ್ತು. ನನ್ನ ತಮಿಳೂ ಸುಧಾರಿಸಿದೆ, ಎಲ್ಲವೂ ಅರ್ಥವಾಗುತ್ತದೆ. ಆದರೆ ನನಗೆ ಆರೂವರೆಗೆ ತಿಳಿಯುವುದು ಎದುರು ಮನೆಯವರಿಗೆ ಮೂರೂವರೆಗೇ ಗೊತ್ತಾಗಿರುತ್ತದೆ. ಹೊಟ್ಟೆ ಈಗಲೂ ಉರಿಯುತ್ತದೆ.