ಹಳ್ಳದಾಚೆಯ ಹೊಸ್ತಿಲು

ಹುಲಿಗೆಮ್ಮಕ್ಕ ದಿನಾ ಬೆಳಿಗ್ಗೆ ಎರಡು ಹೊಸ್ತಿಲು ಸಾರಿಸುತ್ತಿದ್ದಳು. ಒಂದು ನಮ್ಮ ಓಣಿಯಲ್ಲಿದ್ದ ತನ್ನ ಮನೆಯದು, ಇನ್ನೊಂದು ಹಳ್ಳದಾಚೆಯ ಊರಿನಲ್ಲಿದ್ದ ತವರುಮನೆಯದು. ಮೊದಲನೆಯದಕ್ಕೆ ಒಂದು ಕೈ ಸೆಗಣಿ ಎಳೆದು ಎದ್ದುಬಿಡುವಳು. ಎರಡನೆಯದಕ್ಕೆ ಕೆಮ್ಮಣ್ಣು, ರಂಗೋಲಿ ಎಲ್ಲ ಬೇಕು. ಸೀರೆ ಎತ್ತಿ ಕಟ್ಟಿ, ಸೆಗಣಿ ಬುಟ್ಟಿ ಹೊತ್ತು ಹಳ್ಳ ದಾಟುವ ಈ ಗಿಡ್ಡ ಹೆಂಗಸನ್ನು ಕಂಡು, ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು ಈಕೆಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿದ್ದೆ.

ತಲೆ ನೆಟ್ಟಗಿಲ್ಲದ್ದು ಕಾನೂನಿಗೆ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಂಡಿದಾರಿಯ ನಮ್ಮೂರು ನೇರ ನಿಜಾಮ ಸರ್ಕಾರದ್ದು. ಹಳ್ಳದಾಚೆಯದು ಒಬ್ಬ ಜಾಗೀರದಾರನದು. ಈ ಕಡೆ ಮನೆ ಬಿದ್ದು ಮಣ್ಣಾದರೂ ಕೇಳುವವರಿಲ್ಲ. ನಮ್ಮ ಗೌಡರ ಹಳೇ ವಾಡೆಯೊಳಗೆ ಬೇವಿನ ಮರವೇ ಬೆಳೆದು ನಿಂತಿತ್ತು. ಆ ಕಡೆ ಮಾತ್ರ ಹೊಸ್ತಿಲು ಸಾರಿಸದ, ಒಲೆ ಹೊತ್ತದ ಮನೆ ಪಾಳು. ಗೋಡೆ ಬಿದ್ದರೂ ಪಾಳು. ಪಾಳಾದದ್ದೆಲ್ಲ ಜಾಗೀರದಾರನಿಗೆ. ಆತನ ಮುಖ ಕಂಡವರಿಲ್ಲ, ಆದರೆ ಅವನ ಕಾರಕೂನ ಬಂದು ಅಂಗಳದಲ್ಲಿ ಗೂಟ ಬಡಿದರೆ ಮುಗಿಯಿತು.

ಅಕ್ಕನ ಒಬ್ಬನೇ ತಮ್ಮ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿದ್ದ. "ಅಂವ ಬರಾತನಕ ಮನಿ ಉಳೀಬೇಕು ತಂಗಿ. ಬಂದು ಎಲ್ಲಿ ಇಳೀಬೇಕು?" ಎನ್ನುತ್ತಿದ್ದಳು. ಒಲೆಗೆ ಎರಡು ಜಾಲಿ ಕಟ್ಟಿಗೆ ಹಾಕಿ, ಬೆಳಕಿಂಡಿಯಿಂದ ಹೊಗೆ ಏಳುವವರೆಗೆ ಕೂತಿದ್ದು, ನೀರು ಚಿಮುಕಿಸಿ ಬರುವಳು. ಒಮ್ಮೆ ಜೊತೆಗೆ ಹೋದಾಗ, "ಎರಡು ರೊಟ್ಟಿನಾದ್ರೂ ಬಡಕೋಬಾರದಾ ಅಕ್ಕ?" ಎಂದೆ.

"ತವರುಮನ್ಯಾಗ ನಾನೇ ಮಾಡ್ಕೊಂಡು ಉಣ್ಣಬೇಕೇನು? ತಮ್ಮನ ಹೇಣ್ತಿ ಬಂದು ನೀಡ್ಲಿ, ಉಣ್ತೀನಿ," ಎಂದು ನಕ್ಕಳು.

ಆ ವರ್ಷ ಮಳೆ ಹಿಡಿದು ಹಳ್ಳ ಬಂತು. ಅಕ್ಕ ದಿನಾ ದಂಡೆಗೆ ಹೋಗಿ ನಿಂತು ಬರುತ್ತಿದ್ದಳು. ನೀರಿಳಿದ ದಿನ ನಾವಿಬ್ಬರೂ ದಾಟಿ ಹೋದರೆ ಹಿತ್ತಲ ಗೋಡೆ ಕುಸಿದಿತ್ತು, ಅಂಗಳದಲ್ಲಿ ಗೂಟವಿತ್ತು. ಕಾರಕೂನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಹಳ್ಳ ಬಂದಿತ್ರೀ ಸಾಹೇಬ್ರ. ಗ್ವಾಡಿ ನಾಳೇನ ಕಟ್ಟಿಸ್ತೀನಿ," ಎಂದಳು ಅಕ್ಕ.

"ಜಪ್ತಿ ಆಗೈತಿ. ಇನ್ನೇನ್ ಕಟ್ಟಿಸ್ತಿ?"

"ಬರ್ರಿ, ನಮ್ಮೂರ ಗೌಡ್ರ ವಾಡೇ ತೋರಿಸ್ತೀನಿ. ಅದು ಪಾಳಲ್ಲಂದ್ರ ಇದು ಹೆಂಗ ಪಾಳು?"

"ಅದು ನಮ್ಮ ಹದ್ದಿನಾಗಿಲ್ಲ," ಎಂದು ಆತ ಪಕ್ಕಕ್ಕೆ ಉಗುಳಿದ.

"ಮಳಿ ಎರಡೂ ಹದ್ದಿನಾಗ ಬಿದ್ದೈತಲ್ರೀ."

ಆತ ಎದ್ದು, ಗೂಟವನ್ನು ಇನ್ನೊಮ್ಮೆ ಬಡಿದು ಹೊರಟುಹೋದ. ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ. ದೀವಳಿಗೆ ಹೊತ್ತಿಗೆ ಆ ಜಾಗದಲ್ಲಿ ಕಾರಕೂನನ ಭಾವಮೈದುನ ಕುದುರೆ ಕಟ್ಟಿದ್ದ. ಹಿತ್ತಲ ಮುರುಕು ಗೋಡೆ ಹಾಗೇ ಇತ್ತು. ಕುದುರೆ ಕಟ್ಟಿದ ಮೇಲೆ ಅದು ಪಾಳಲ್ಲವಂತೆ.

ಕುದುರೆಗೆ ಜಾಗ ಮಾಡಲು ಮನೆ ಕೆಡವಿದ ದಿನ ಅಕ್ಕ ಅಳಲಿಲ್ಲ. ಬೇವಿನ ಹೊಸ್ತಿಲನ್ನು ಕೀಳಿಸಿ ಗಂಡನ ಬಂಡಿಯಲ್ಲಿ ಹೇರಿಕೊಂಡು ಬಂದು ತನ್ನ ಅಂಗಳದಲ್ಲಿ ಹುಗಿಸಿದಳು. ಬಾಗಿಲಿಲ್ಲ, ಗೋಡೆಯಿಲ್ಲ, ಬರೀ ಹೊಸ್ತಿಲು. ಅದಕ್ಕೂ ದಿನಾ ಕೆಮ್ಮಣ್ಣು, ರಂಗೋಲಿ. ಯಾರಾದರೂ ತುಳಿದರೆ ಬೈಗುಳ ಸಿದ್ಧ. "ಅಂವ ಬಂದ್ರ ಇದನ್ನ ದಾಟಿಸಿ ಕರ್ಕೋತೀನಿ," ಎನ್ನುತ್ತಿದ್ದಳು.

ಮೊದಲು ಅವಳ ಗಂಡ ಹೋದ, ಆಮೇಲೆ ಅವಳೂ ಹೋದಳು. ಮಕ್ಕಳಿರಲಿಲ್ಲ. ಎರಡು ಮಳೆಗಾಲದಲ್ಲಿ ಆ ಮನೆಯ ಮಾಳಿಗೆಯೂ ಬಿತ್ತು, ಅಂಗಳದ ತುಂಬ ಜಾಲಿ ಎದ್ದಿತು. ಒಂದು ಗೋಡೆ ಬಿದ್ದದ್ದಕ್ಕೆ ಆ ಊರು ಅವಳ ಮನೆ ನುಂಗಿತು. ಎಲ್ಲ ಗೋಡೆ ಬಿದ್ದರೂ ಈ ಊರು ತಿರುಗಿ ನೋಡಲಿಲ್ಲ. ಎರಡಕ್ಕೂ ಕಾನೂನು ಎಂದೇ ಹೆಸರು.

ಆಮೇಲಿನ ಬೇಸಿಗೆಯಲ್ಲಿ ಒಬ್ಬ ಗಂಡಸು ಬಗಲಲ್ಲಿ ಗಂಟು ಹಿಡಿದು, ಹೆಂಡತಿಯ ಜೊತೆ ನಮ್ಮ ಬಾಗಿಲಿಗೆ ಬಂದ. ಹಳ್ಳದಾಚೆ ಹೋಗಿ ಕುದುರೆ ನೋಡಿಕೊಂಡು ಬಂದಿದ್ದ.

"ನಮ್ಮಕ್ಕ ಎಲ್ಲದಾಳ್ರೀ?" ಎಂದ.

ಅಕ್ಕನ ಅಂಗಳಕ್ಕೆ ಕರೆದೊಯ್ದು, ಜಾಲಿ ಸರಿಸಿ ಹೊಸ್ತಿಲು ತೋರಿಸಿದೆ. ಗಂಡ ಹೆಂಡತಿ ಚಪ್ಪಲಿ ಬಿಟ್ಟು, ತುಳಿಯದಂತೆ ಕಾಲೆತ್ತಿ ಅದನ್ನು ದಾಟಿದರು. ದಾಟಿದ ಕಡೆಯೂ ಬಯಲೇ ಇತ್ತು.